ಐ ಯಾಮ್ ಅಫ್ರೇಡ್ ಎಂದರೆ ಭಯವಲ್ಲವಂತೆ

ಫೋನ್ ಎತ್ತಿದ ಕೂಡಲೇ ‘ಹೇಳಿ’ ಎನ್ನುವುದಕ್ಕಿಂತ ಮರ್ಯಾದೆಯ ಮಾತು ಇನ್ನೊಂದಿಲ್ಲ ಎಂದು ನಾನು ನಂಬಿಕೊಂಡಿದ್ದೆ. ‘ಏನು’ ಅಲ್ಲ, ‘ಯಾರು’ ಅಲ್ಲ, ‘ಹೇಳಿ’. ಬಂದವರಿಗೆ ಮೊದಲು ಕುರ್ಚಿ ಎಳೆದು ಹಾಕಿದ ಹಾಗೆ. ಇಂಗ್ಲಿಷಿನವರು ಫೋನ್ ಮಾಡಿದರೆ ಅದನ್ನೇ ‘ಯೆಸ್, ಟೆಲ್ ಮೀ’ ಎನ್ನುತ್ತಿದ್ದೆ. ವರ್ಷಗಟ್ಟಲೆ ಅಂದಿದ್ದೇನೆ, ಯಾರೂ ಬೇಜಾರು ಮಾಡಿಕೊಂಡಿರಲಿಲ್ಲ. ಅದು ಪೊಲೀಸ್ ಸ್ಟೇಷನ್ನಿನಲ್ಲಿ ಕೂರಿಸಿಕೊಂಡು ಕೇಳುವ ಹಾಗಿದೆ ಎಂದು ನನಗೆ ಗೊತ್ತಾಗಿದ್ದು ಹೊಸ ಮ್ಯಾನೇಜರ್ ಬಂದ ಮೇಲೆ.

ನಾನು ಕೆಲಸ ಮಾಡುವುದು ಒಂದು ಡಯಾಲಿಸಿಸ್ ಸೆಂಟರಿನಲ್ಲಿ. ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಿನ ಹಿಂದೆ, ಅಡ್ಡರಸ್ತೆಯ ಹಳೆಯ ಬಂಗಲೆ. ಕಿಡ್ನಿ ಕೈಕೊಟ್ಟವರು ವಾರಕ್ಕೆ ಎರಡೋ ಮೂರೋ ಸಲ ಬಂದು, ನಾಲ್ಕು ಗಂಟೆ ಮಲಗಿ, ಮಷೀನಿನಲ್ಲಿ ರಕ್ತ ಶುದ್ಧ ಮಾಡಿಸಿಕೊಂಡು, ಮೈಯಲ್ಲಿ ನಿಂತ ನೀರು ತೆಗೆಸಿಕೊಂಡು ಹೋಗುತ್ತಾರೆ. ಬಂಗಲೆಯ ಹಾಲ್ ಇದ್ದ ಕಡೆ ಈಗ ಮಷೀನುಗಳು, ಕಾರ್ ಶೆಡ್ಡಿನಲ್ಲಿ ನೀರಿನ ಪ್ಲಾಂಟ್, ವರಾಂಡದಲ್ಲಿ ನಾನು ಮತ್ತು ಫೋನು. ಯಾರಿಗೆ ಯಾವ ದಿನ, ಯಾವ ಪಾಳಿ, ಯಾವ ಮಷೀನು ಎಂದು ಹೊಂದಿಸುವುದು ನನ್ನ ಕೆಲಸ. ಒಬ್ಬರು ತಡವಾದರೆ ಹಿಂದಿನವರೆಲ್ಲ ತಡ, ಎಲ್ಲರ ಬೈಗುಳವೂ ನನಗೇ.

ಮ್ಯಾನೇಜರ್ ಹೋಟೆಲ್ ಲೈನಿನಿಂದ ಬಂದ ಹುಡುಗ. ಒಳ್ಳೆಯವನೇ, ದನಿ ಎತ್ತಿ ಮಾತಾಡಿದವನಲ್ಲ. ಬಂದ ಮೊದಲ ವಾರವೇ ನನ್ನ ಮೇಜಿನ ಮೇಲೆ ಲ್ಯಾಮಿನೇಟ್ ಮಾಡಿದ ಒಂದು ಕಾರ್ಡ್ ಇಟ್ಟ. ಫೋನಿನಲ್ಲಿ ಆಡಬೇಕಾದ ಇಂಗ್ಲಿಷ್ ಮಾತುಗಳು.

“ಮೇಡಂ, ಫೋನ್ ಎತ್ತಿದಾಗ, ಹೋಲ್ಡ್ ಹಾಕುವಾಗ, ಇಲ್ಲ ಅನ್ನುವಾಗ, ಇಡುವಾಗ ಈ ನಾಲ್ಕು ಕಡೆ ಮಾತ್ರ ಇಂಗ್ಲಿಷ್. ಮಧ್ಯದಲ್ಲಿ ನೀವು ಕನ್ನಡ, ತಮಿಳು, ಉರ್ದು ಏನಾದ್ರೂ ಮಾತಾಡ್ಕೊಳ್ಳಿ.”

“ಯಾಕೆ ಸಾರ್, ಇಲ್ಲ ಅನ್ನೋದನ್ನ ಕನ್ನಡದಲ್ಲಿ ಅಂದ್ರೆ ಅವ್ರಿಗೆ ಅರ್ಥ ಆಗಲ್ವಾ?”

“ಆಗುತ್ತೆ ಮೇಡಂ. ಆದ್ರೆ ಕನ್ನಡದಲ್ಲಿ ಇಲ್ಲ ಅಂದ್ರೆ ಇಲ್ಲ ಅಷ್ಟೆ. ಇಂಗ್ಲಿಷಲ್ಲಿ ಸಾಫ್ಟಾಗಿ ಹೇಳ್ಬೋದು.”

ಆ ಸಾಫ್ಟ್ ಮಾತು ಯಾವುದು ಎಂದು ನೋಡಿದರೆ ‘ಐ ಯಾಮ್ ಅಫ್ರೇಡ್’. ನನಗೆ ತಿಳಿದ ಇಂಗ್ಲಿಷಿನಲ್ಲಿ ಅಫ್ರೇಡ್ ಎಂದರೆ ಭಯ. ಹಲಸೂರಿನ ಕನ್ನಡ ಮೀಡಿಯಂ ಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಬೆತ್ತ ಹಿಡಿದುಕೊಂಡೇ ಕಲಿಸಿದ ಪದ ಅದು, ಮರೆಯುವ ಹಾಗಿಲ್ಲ.

“ಇಲ್ಲ ಅನ್ನಕ್ಕೆ ನಾನ್ಯಾಕೆ ಹೆದರ್ಬೇಕು ಸಾರ್?” ಎಂದೆ.

“ಹೆದರೋದಲ್ಲ ಮೇಡಂ. ಅದು ಭಯ ಅಲ್ಲ. ಕ್ಷಮಿಸಿ ಅನ್ನೋ ಥರ.”

“ಮತ್ತೆ ಕ್ಷಮಿಸಿ ಅನ್ನಕ್ಕೆ ಸಾರಿ ಇದೆಯಲ್ಲ?”

“ಸಾರಿ ಅಂದ್ರೆ ತಪ್ಪು ನಮ್ದು ಅಂತಾಗುತ್ತೆ. ಅಫ್ರೇಡ್ ಅಂದ್ರೆ ತಪ್ಪು ನಮ್ದಲ್ಲ, ಆದ್ರೂ ಬೇಜಾರಾಗಿದೆ ಅಂತ.”

ತಪ್ಪೂ ನನ್ನದಲ್ಲ, ಭಯವೂ ಇಲ್ಲ, ಆದರೂ ಭಯವಾಗಿದೆ ಎನ್ನಬೇಕು. ಶಿವನೇ! ಇನ್ನೊಂದು ಸಾಲಿನಲ್ಲಿ ‘ಬೇರ್ ವಿತ್ ಮೀ’ ಎಂದಿತ್ತು. ನನಗೆ ಕರಡಿ ಒಂದೇ ಕಣ್ಮುಂದೆ ಬಂದಿದ್ದು. ಅದನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಆಮೇಲೆ ಮಷೀನುಗಳ ಹಿರಿಯ ಟೆಕ್ನಿಷಿಯನ್‌ನನ್ನು ಕೇಳಿದೆ. ಅವನೂ ಹಲಸೂರಿನವನೇ, ಮನೆಮಾತು ತಮಿಳು, ನನಗಿಂತ ಚಿಕ್ಕವನು, ನನ್ನನ್ನು ಅಕ್ಕಾ ಎನ್ನುತ್ತಾನೆ. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, “ಅಯ್ಯೋ ವಿಡುಕ್ಕಾ, ಬಿಟ್ಬಿಡು, ಇದ್ನೆಲ್ಲ ಹೇಳ್ಕೊಂಡಿದ್ರೆ ಪೇಷಂಟ್ ಫೋನ್ ಇಟ್ಟು ಹೋಗಿರ್ತಾರೆ” ಎಂದ.

ಕಾಲ್‌ಗಳೆಲ್ಲ ರೆಕಾರ್ಡ್ ಆಗುತ್ತಿದ್ದವು. ಮ್ಯಾನೇಜರ್ ಅವುಗಳಲ್ಲಿ ಕೆಲವನ್ನು ಕೇಳಿ ಮಾರ್ಕ್ಸ್ ಹಾಕುತ್ತಿದ್ದ. ಈ ವಯಸ್ಸಿನಲ್ಲಿ ಮಾರ್ಕ್ಸು! ಹಲಸೂರಿನಿಂದ ಇಂದಿರಾನಗರಕ್ಕೆ ಮೆಟ್ರೋದಲ್ಲಿ ಒಂದೇ ಸ್ಟಾಪು. ಅಷ್ಟರಲ್ಲಿ ಕಾರ್ಡಿನ ಮಾತುಗಳನ್ನೆಲ್ಲ ಬಾಯಲ್ಲೇ ಒಂದು ಸುತ್ತು ಹೇಳಿಕೊಳ್ಳುತ್ತಿದ್ದೆ. ಒಂದು ದಿನ ‘ಹೌ ಮೇ ಐ ಹೆಲ್ಪ್ ಯೂ’ ಎಂದು ಸ್ವಲ್ಪ ಜೋರಾಗಿ ಬಂದುಬಿಟ್ಟಿತು. ಎದುರಿಗೆ ಕೂತಿದ್ದ ಹುಡುಗಿ ಇಯರ್‌ಫೋನ್ ತೆಗೆದು, “ಪರ್ವಾಗಿಲ್ಲ ಆಂಟಿ, ಏನೂ ಬೇಡ” ಎಂದಳು.

ಸೆಂಟರಿನಲ್ಲಿ ಬೇರೆಯದೇ ಫಜೀತಿ. ನಾನು ಕಾರ್ಡ್ ನೋಡಿಕೊಂಡು ತಪ್ಪಿಲ್ಲದೆ ಒಪ್ಪಿಸುತ್ತಿದ್ದೆನಲ್ಲ, ಜನ ನನ್ನನ್ನು ಕಂಪ್ಯೂಟರ್ ಅಂದುಕೊಂಡರು. ಬ್ಯಾಂಕಿಗೋ ಗ್ಯಾಸಿಗೋ ಫೋನ್ ಮಾಡಿದರೆ ಬರುತ್ತದಲ್ಲ, ಆ ದನಿ. ನಾನು ‘ಥ್ಯಾಂಕ್ ಯೂ ಫಾರ್ ಕಾಲಿಂಗ್’ ಎನ್ನುತ್ತಿದ್ದ ಹಾಗೇ ಆ ಕಡೆಯಿಂದ ಒಂದು, ಎರಡು ಎಂದು ಬಟನ್ ಒತ್ತುವ ಕುಂಯ್ ಕುಂಯ್ ಸದ್ದು. ಶಿವಾಜಿನಗರದ ಒಬ್ಬ ತಾಯಿ ನಾನಿನ್ನೂ ಲೈನಿನಲ್ಲಿರುವಾಗಲೇ ಮಗನಿಗೆ, “ಕಂಪ್ಯೂಟರ್ ಬಾತ್ ಕರ್ರಾ ಬೇಟಾ, ರಖ್ ದೇ” ಎಂದರು. “ಅಮ್ಮೀಜಾನ್, ಮೈಂ ಹೂಂ, ಮೈಂ!” ಎಂದು ನಾನು ಕೂಗುವಷ್ಟರಲ್ಲಿ ಮಗ ಇಟ್ಟೇಬಿಟ್ಟಿದ್ದ.

ಎಲ್ಲರಿಗಿಂತ ಬೇಜಾರು ಮಾಡಿಕೊಂಡವರು ಕೆ.ಆರ್. ಪುರದ ಯಜಮಾನರು. ಬಸ್ ಡ್ರೈವರಾಗಿ ರಿಟೈರ್ ಆದವರು. ಅವರ ಹೆಂಡತಿ ನಮ್ಮ ಹಳೆಯ ಪೇಷಂಟು. ಆಯಮ್ಮ ಮೆತ್ತನೆಯ ಜೀವ, ಸೂಜಿ ಚುಚ್ಚುವಾಗಲೂ ಟೆಕ್ನಿಷಿಯನ್‌ನ ಕೈ ನೋಯುತ್ತದೇನೋ ಎಂದು ನೋಡುವವರು. ಯಜಮಾನರು ಫೋನ್ ಮಾಡಿದರೆ ಹೆಸರು ಹೇಳುವ ಪದ್ಧತಿಯೇ ಇಲ್ಲ. “ಅಮ್ಮಾ, ನಾನೇ” ಎಂದರೆ ಮುಗಿಯಿತು. ಆ ವಾರ ಅವರು “ನಾನೇ” ಎಂದಾಗ ನಾನು ಕಾರ್ಡಿನ ಪ್ರಕಾರ, “ಮೇ ಐ ನೋ ಹೂ ಈಸ್ ಕಾಲಿಂಗ್, ಪ್ಲೀಸ್?” ಎಂದೆ.



“ಏನಮ್ಮಾ, ನಮ್ಮನ್ನ ಮರ್ತೇಬಿಟ್ರಾ?” ಎಂದರು.

“ಇಲ್ಲ ಯಜಮಾನ್ರೇ, ಗೊತ್ತಾಯ್ತು, ಆದ್ರೂ ಕೇಳ್ಬೇಕಂತೆ.”

“ಗೊತ್ತಾದ್ಮೇಲೂ ಕೇಳ್ಬೇಕಾ? ಅದ್ಯಾವ ಸೀಮೆ ಮರ್ಯಾದೆ?”

ನನಗೂ ಅದೇ ಅರ್ಥವಾಗಿರಲಿಲ್ಲ.  ‘ಹ್ಯಾವ್ ಎ ನೈಸ್ ಡೇ’ ಎಂದು ಇಟ್ಟೆ.

ಇನ್ನು ನೀರಿನ ವಿಷಯ. ಡಯಾಲಿಸಿಸ್‌ಗೆ ನೀರೇ ಪ್ರಾಣ. ನಮ್ಮಲ್ಲಿಗೆ ಟ್ಯಾಂಕರ್ ನೀರು ಬರುತ್ತದೆ. ಕಾರ್ ಶೆಡ್ಡಿನ ಪ್ಲಾಂಟ್ ಅದರಲ್ಲಿನ ಕ್ಲೋರಿನ್, ಉಪ್ಪು ಎಲ್ಲ ತೆಗೆದು ಮಷೀನುಗಳಿಗೆ ಕಳಿಸುತ್ತದೆ. ಪ್ರತಿ ಪಾಳಿಗೂ ಮುಂಚೆ ಟೆಕ್ನಿಷಿಯನ್ ಒಂದು ಲೋಟದಲ್ಲಿ ನೀರು ಹಿಡಿದು ಔಷಧಿ ಹಾಕಿ ನೋಡುತ್ತಾನೆ. ಬಣ್ಣ ಬಂದರೆ ಕ್ಲೋರಿನ್ ಉಳಿದಿದೆ ಎಂದರ್ಥ, ಆ ನೀರು ತಾಗಿದರೆ ರಕ್ತವೇ ಕೆಡುತ್ತದೆ. ಆ ದಿನ ಬೆಳಿಗ್ಗೆ ಬಣ್ಣ ಬಂತು. ಟ್ಯಾಂಕರಿನವನು ಬ್ಲೀಚಿಂಗ್ ಪೌಡರ್ ಸುರಿದುಕೊಂಡು ಬಂದಿದ್ದ.

“ಅಕ್ಕಾ, ಯಾರ್ನೂ ಮಷೀನಿಗೆ ಹಾಕೋ ಹಾಗಿಲ್ಲ. ಕಾರ್ಬನ್ ಟ್ಯಾಂಕ್ ಉಲ್ಟಾ ತೊಳೀಬೇಕು, ಬೇರೆ ನೀರು ತರ್ಸ್‌ಬೇಕು. ಎಲ್ರಿಗೂ ಫೋನ್ ಮಾಡಿ ಲೇಟು ಅಂತ ಹೇಳು.”

ಬೆಳಗಿನ ಪಾಳಿ ಮಧ್ಯಾಹ್ನಕ್ಕೆ ಹೋಯಿತು, ಮಧ್ಯಾಹ್ನದ್ದು ಸಂಜೆಗೆ. ವರಾಂಡದ ತುಂಬ ಜನ. ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಇಂಥ ದಿನವೇ ನೋಡಿ, ಮ್ಯಾನೇಜರ್ ತಾನೂ ಒಂದು ಹೆಡ್‌ಸೆಟ್ ಸಿಕ್ಕಿಸಿಕೊಂಡು ನನ್ನ ಪಕ್ಕ ಬಂದು ಕೂತ. ನಾನು ಒತ್ತಡದಲ್ಲಿ ಹೇಗೆ ಮಾತಾಡುತ್ತೇನೆ ಎಂದು ಕೇಳಬೇಕಿತ್ತಂತೆ.

ನೀರು ಸರಿಹೋಗಿ, ಮಷೀನುಗಳೆಲ್ಲ ತುಂಬಿ, ಉಸ್ಸಪ್ಪಾ ಎನ್ನುವಷ್ಟರಲ್ಲಿ ಮತ್ತೆ ಫೋನ್. ಗುಡ್ ಆಫ್ಟರ್‌ನೂನ್, ಥ್ಯಾಂಕ್ ಯೂ, ಹೌ ಮೇ ಐ ಎಲ್ಲ ಒಪ್ಪಿಸಿದೆ.

“ಅಮ್ಮಾ, ಕೆ.ಆರ್. ಪುರದಿಂದ.” ಯಜಮಾನರು ಈಗ ‘ನಾನೇ’ ಎನ್ನುವುದನ್ನು ಬಿಟ್ಟಿದ್ದರು. “ಇವ್ಳಿಗೆ ಬೆಳಗ್ಗಿಂದ ಒಂಥರಾ ಮೇಲುಸಿರು. ಮಲಗಿದ್ರೆ ಆಗ್ತಿಲ್ಲ ಅಂತಾಳೆ, ಗೋಡೆಗೆ ಒರಗಿ ಕೂತೇ ಇದಾಳೆ. ನಮ್ಮ ಟರ್ನು ನಾಳೆ ಅಲ್ವಾ? ನಾಳೆ ತನಕ ತಡೀಬೋದಾ, ಇವತ್ತೇ ಕರ್ಕೊಂಡ್ ಬರ್ಲಾ?”

ಮಷೀನು ಒಂದೂ ಖಾಲಿ ಇರಲಿಲ್ಲ. ಪಕ್ಕದಲ್ಲಿ ಮ್ಯಾನೇಜರ್ ಪೆನ್ ಹಿಡಿದಿದ್ದ. ಇಲ್ಲ ಎನ್ನುವ ಜಾಗ ಬಂದಿತ್ತು, ಇಲ್ಲ ಎನ್ನುವುದು ಇಂಗ್ಲಿಷಿನಲ್ಲಿ.

“ಐ ಯಾಮ್ ಅಫ್ರೇಡ್ ದೇರ್ ಈಸ್ ನೋ ಸ್ಲಾಟ್ ಅವೈಲಬಲ್ ಟುಡೇ. ಮೇ ಐ ಪುಟ್ ಯೂ ಆನ್ ಹೋಲ್ಡ್ ವೈಲ್ ಐ ಚೆಕ್?” ಎಂದು ಒಂದೇ ಉಸಿರಿನಲ್ಲಿ ಅಂದು, ಹೋಲ್ಡ್ ಒತ್ತಿ, ಒಳಗೆ ಹೋದೆ. ಮ್ಯಾನೇಜರ್ ಹೆಬ್ಬೆರಳು ತೋರಿಸಿದ.

ಟೆಕ್ನಿಷಿಯನ್‌ಗೆ ಹೇಳುತ್ತಿದ್ದ ಹಾಗೇ ಅವನ ಮುಖ ಬದಲಾಯಿತು.

“ಮಲಗಕ್ಕೆ ಆಗ್ತಿಲ್ಲ ಅಂದ್ರಾ? ಹೋದ್ಸಲ ಬೀಪಿ ಬಿದ್ದು ಅರ್ಧಕ್ಕೇ ನಿಲ್ಸಿದ್ವಲ್ಲಕ್ಕಾ. ಪೂರ್ತಿ ನೀರು ತೆಗೆಯಕ್ಕೇ ಆಗ್ಲಿಲ್ಲ. ಈಗ ಲಂಗ್ಸಲ್ಲಿ ತುಂಬ್ಕೊಂಡಿದೆ. ನಾಳೆ ತನಕ ತಡಿಯೋ ಕೇಸಲ್ಲ ಇದು. ಈಗ್ಲೇ ಹೊರಡಕ್ಕೆ ಹೇಳು!”

ಓಡಿಬಂದು ಫೋನ್ ಎತ್ತಿದೆ. ಲೈನು ಸತ್ತಿತ್ತು. ಹೋಲ್ಡ್ ಸಂಗೀತ ಕೇಳುವವರಿಲ್ಲದೆ ಮುಗಿದಿತ್ತು.

ವಾಪಸ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ. ನಮ್ಮ ಡಾಕ್ಟರಿಗೆ ಫೋನ್ ಮಾಡಿ ವಿಷಯ ಹೇಳಿದರೆ ಅವರೂ ಅದನ್ನೇ ಅಂದರು: ಬಂದ ತಕ್ಷಣ ಆಕ್ಸಿಜನ್ ನೋಡಿ, ತೀರಾ ಕಡಿಮೆ ಇದ್ದರೆ ದೊಡ್ಡ ಆಸ್ಪತ್ರೆಗೆ, ಇಲ್ಲದಿದ್ದರೆ ನೇರ ಮಷೀನಿಗೆ, ಕಾಯಿಸಬೇಡಿ. ಕಾಯಿಸುವುದು ಯಾರನ್ನು? ನಾನು ಸ್ಲಾಟ್ ಇಲ್ಲ ಎಂದೆ, ಅವರು ಇಟ್ಟರು. ಇಲ್ಲ ಎಂದರೆ ಇಲ್ಲ ಎಂದು ಒಪ್ಪಿಕೊಂಡು ಆಯಮ್ಮನನ್ನು ಗೋಡೆಗೊರಗಿಸಿ ನಾಳೆಗೆ ಕಾಯುತ್ತಿರಬಹುದು. ಅಥವಾ ಅರ್ಥವಾಗದೆ, ಸಿಟ್ಟು ಬಂದು ಇಟ್ಟಿರಬಹುದು. ಅಥವಾ ಕಂಪ್ಯೂಟರ್ ಎಂದು. ಅಥವಾ ಅಲ್ಲೇ ಏನಾದರೂ ಆಗಿ...  ನಂಬರ್ ಒತ್ತಲು ಹೋಗಿ ತಪ್ಪು ನಂಬರ್ ಒತ್ತಿದೆ. ಯಾರೋ ಎತ್ತಿದರು. ಅವರಿಗೂ ಗುಡ್ ಆಫ್ಟರ್‌ನೂನ್ ಅಂದೆ.

ಅಷ್ಟರಲ್ಲಿ ಒಳಗೆ ಒಬ್ಬರು ಕಾಲು ಸೆಳೆತ ತಡೆಯಲಾರದೆ ಅರ್ಧಕ್ಕೇ ಸಾಕು ಎಂದು ಎದ್ದರು. ಮಷೀನು ತೊಳೆದು ಸಿದ್ಧವಾಯಿತು. ಟೆಕ್ನಿಷಿಯನ್ ಬಾಗಿಲಲ್ಲಿ ಬಂದು ನಿಂತ. ಅವನ ಎರಡು ಕೈಯಲ್ಲಿ ಎರಡು ಡಯಲೈಸರ್. ರಕ್ತ ಸೋಸುವ ಈ ಕೊಳವೆ ಅವರವರದು ಅವರವರಿಗೇ, ಮೇಲೆ ಹೆಸರು ಬರೆದಿರುತ್ತದೆ. ಒಂದನ್ನು ಸಿಕ್ಕಿಸಿ ಸಲೈನ್ ಬಿಟ್ಟರೆ ಆ ಮಷೀನು ಆ ಪಾಳಿಗೆ ಅವರದು. ಬದಲಾಯಿಸಬೇಕೆಂದರೆ ಮತ್ತೆ ಮೊದಲಿನಿಂದ.

“ಅಕ್ಕಾ, ಯಾರದು ಹಾಕ್ಲಿ?”

ಸರದಿ ಇದ್ದದ್ದು ವರಾಂಡದಲ್ಲಿ ಪೇಪರ್ ಓದುತ್ತ ಕೂತಿದ್ದ ಇಂದಿರಾನಗರದ ದೊಡ್ಡವರಿಗೆ. ಯಾವುದೋ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಮಾತಾಡಿದರೆ ಇಂಗ್ಲಿಷು ನೀರು ಕುಡಿದ ಹಾಗೆ.

“ಮೇಡಂ, ಪೇಷಂಟ್ ಕನ್ಫರ್ಮ್ ಮಾಡದೆ ಸ್ಲಾಟ್ ಇಟ್ಕೊಳ್ಳೋ ಹಾಗಿಲ್ಲ” ಎಂದ ಮ್ಯಾನೇಜರ್. ಅವನು ಹೇಳಿದ್ದು ಸರಿಯೇ. ಬರದವರಿಗೆ ಮಷೀನು ಕಟ್ಟಿಹಾಕಿ ಬಂದವರನ್ನು ಕೂರಿಸುವುದು ಯಾವ ನ್ಯಾಯ?

ಯಜಮಾನರು ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಬರುವುದಿಲ್ಲವೆಂದೂ ಗೊತ್ತಿರಲಿಲ್ಲ. ಆದರೆ ಬಂದು, ಮಷೀನಿಲ್ಲದೆ ಈ ವರಾಂಡದಲ್ಲಿ ಆಯಮ್ಮ ಉಸಿರಿಗೆ ಒದ್ದಾಡಿದರೆ?

“ಕೆ.ಆರ್. ಪುರದ್ದು ಹಾಕು” ಎಂದೆ.

ದೊಡ್ಡವರ ಮುಂದೆ ಹೋಗಿ ನಿಂತೆ. ಕಾರ್ಡಿನ ಮಾತುಗಳೆಲ್ಲ ಒಟ್ಟಿಗೆ ಬಾಯಿಗೆ ನುಗ್ಗಿದವು. “ಸಾರ್, ಐ ಯಾಮ್, ಮೇ ಐ, ಬೇರ್...” ಎಂದು ತೊದಲಿ, ಸಾಕಾಗಿ ಕನ್ನಡಕ್ಕೆ ಬಂದೆ. “ಸಾರ್, ಒಬ್ರಿಗೆ ಉಸಿರಾಡಕ್ಕೆ ಆಗ್ತಿಲ್ಲ. ನಿಮ್ಮ ಮಷೀನ್ ಅವರಿಗೆ ಕೊಟ್ಟಿದೀನಿ. ಅವ್ರು ಬರ್ತಾರೋ ಇಲ್ವೋ ಅದೂ ಗೊತ್ತಿಲ್ಲ.”

ಅವರು ಪೇಪರ್ ಮಡಚಿದರು. “ಏನ್ರೀ ಇದು? ಬೆಳಗ್ಗೆಯಿಂದ ಹೊಟ್ಟೆ ಕಟ್ಕೊಂಡು ಕೂತಿದೀನಿ. ಬರ್ತಾರೋ ಇಲ್ವೋ ಗೊತ್ತಿಲ್ದಿರೋರಿಗೆ ನನ್ನ ಮಷೀನ್ ಕೊಡ್ತೀರಾ?”

“ಹೌದು ಸಾರ್.”

“ಬರದೇ ಇದ್ರೆ?”

“ಗೊತ್ತಿಲ್ಲ ಸಾರ್. ನಂಗೇನೂ ಗೊತ್ತಾಗ್ತಿಲ್ಲ.”

ನನ್ನ ಮುಖ ಹೇಗಿತ್ತೋ ಏನೋ. ಅವರು ನನ್ನನ್ನೇ ನೋಡಿ, “ಹೋಗ್ಲಿ, ಮೊದ್ಲು ಸ್ವಲ್ಪ ನೀರು ಕುಡೀರಿ. ಆದ್ರೆ ಬರದೇ ಇದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ” ಎಂದು ಮತ್ತೆ ಪೇಪರ್ ಬಿಚ್ಚಿದರು.

ಆಮೇಲಿನ ಹೊತ್ತು ಹೇಗೆ ಕಳೆಯಿತು ಎಂದು ಸರಿಯಾಗಿ ನೆನಪಿಲ್ಲ. ಒಳಗೆ ಮಷೀನು ಸಲೈನ್ ಸುತ್ತಿಸುತ್ತ ಸುಮ್ಮನೆ ಕಾಯುತ್ತಿತ್ತು. ನಾನು ಫೋನ್ ಬಂದಾಗಲೆಲ್ಲ ಯಜಮಾನರೇ ಎಂದು ಎತ್ತಿ, ಅಲ್ಲದವರಿಗೆ ಏನೇನೋ ಅಂದೆ. ಒಬ್ಬರಿಗೆ ಮೊದಲೇ ‘ಹ್ಯಾವ್ ಎ ನೈಸ್ ಡೇ’ ಎಂದುಬಿಟ್ಟೆ, ಅವರು ಪಾಪ ಇಟ್ಟರು. ಮ್ಯಾನೇಜರ್ ಹೆಡ್‌ಸೆಟ್ ತೆಗೆದು ಗೇಟಿಗೆ ಹೋಗಿ ನಿಂತ. ಹಳೇ ಮದ್ರಾಸ್ ರೋಡಿನ ಟ್ರಾಫಿಕ್ಕಿನಲ್ಲಿ ಹೊರಟರೂ ಯಾವಾಗ ತಲುಪುತ್ತಾರೆ? ಹೊರಟಿದ್ದಾರಾ ಮೊದಲು?

ಗೇಟಿನಿಂದ ಕೂಗು ಕೇಳಿತು. “ಮೇಡಂ! ಬಂದ್ರು! ವೀಲ್‌ಚೇರ್!” ಅವನು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಟೋದಿಂದ ಆಯಮ್ಮನನ್ನು ಇಳಿಸುವಾಗ ಒಂದು ಮಾತಾಡಲೂ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ತುಟಿ ನೀಲಿ. ಟೆಕ್ನಿಷಿಯನ್ ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿ, ಮಾಸ್ಕ್ ಹಾಕಿ, ಡಾಕ್ಟರ್ ಜೊತೆ ಫೋನಿನಲ್ಲಿ ಎರಡು ಮಾತಾಡಿ, “ಮಷೀನಿಗೇ” ಎಂದ. ಮಷೀನು ಕೈಚಾಚಿದಷ್ಟು ದೂರದಲ್ಲಿ ಸಿದ್ಧವಾಗಿತ್ತು. ಇನ್ನೊಬ್ಬರದನ್ನು ಬಿಚ್ಚಿ ಹೊಸದು ಕಟ್ಟುವಷ್ಟು ಹೊತ್ತು ಆಯಮ್ಮನ ಹತ್ತಿರ ಇರಲಿಲ್ಲ ಎಂದು ಅವನು ಆಮೇಲೆ ನನಗೆ ಹೇಳಿದ.

ನೀರು ಇಳಿಯುತ್ತ ಬಂದ ಹಾಗೆ ಉಸಿರೂ ಇಳಿಯಿತು. ಆಯಮ್ಮ ಕಣ್ಣು ಬಿಟ್ಟು ಮೊದಲು ಕೇಳಿದ್ದು ಕಾಫಿ. “ನೀರೇ ಜಾಸ್ತಿಯಾಗಿ ಬಂದಿದೀರಾ, ಕಾಫಿ ಬೇರೆ ಕೇಡು ನಿಮ್ಗೆ” ಎಂದು ಟೆಕ್ನಿಷಿಯನ್ ಗದರಿದ. ದೊಡ್ಡವರು ಬಾಗಿಲಿನಿಂದ ಇಣುಕಿ ನೋಡಿ, ಮುಂದಿನ ಮಷೀನಿಗೆ ಕಾಯಲು ಹೋಗಿ ಕೂತರು.

ಯಜಮಾನರು ವರಾಂಡಕ್ಕೆ ಬಂದು ನನ್ನ ಎದುರು ಕುಸಿದು ಕೂತರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

“ಅಲ್ಲ ಯಜಮಾನ್ರೇ, ಫೋನ್ ಯಾಕೆ ಇಟ್ಬಿಟ್ರಿ? ಎಷ್ಟ್ ಸಲ ವಾಪಸ್ ಮಾಡ್ದೆ ಗೊತ್ತಾ?”

“ಫೋನು ಮನೇಲೇ ಮಂಚದ ಮೇಲೆ ಬಿದ್ದಿದೆ ಕಣಮ್ಮಾ. ನೀವು ಹಂಗಂದ್ಮೇಲೆ ಫೋನ್ ಇಟ್ಕೊಂಡ್ ಏನ್ ಮಾಡ್ಲಿ?”

“ನಾನೇನಂದೆ? ಸ್ಲಾಟ್ ಇಲ್ಲ ಅಂದೆ.”

“ಸ್ಲಾಟು ಗೀಟು ನಂಗ್ ಕೇಳ್ಸಲೇ ಇಲ್ಲ. ಐ ಯಾಮ್ ಅಫ್ರೇಡ್ ಅಂದ್ರಲ್ಲ. ನಮ್ಗೂ ಅಷ್ಟು ಇಂಗ್ಲಿಷ್ ಬರುತ್ತಮ್ಮಾ. ದಿನಾ ಇಷ್ಟು ಪೇಷಂಟ್‌ಗಳನ್ನ ನೋಡೋರು ನೀವು. ನಿಮ್ಗೇ ಭಯ ಆಗಿದೆ ಅಂದ್ಮೇಲೆ ನಾನಿನ್ನು ಯಾರನ್ನ ಕೇಳ್ಕೊಂಡ್ ಕೂರ್ಲಿ? ಎತ್ಕೊಂಡ್ ಆಟೋಗೆ ಹಾಕ್ದೆ.”

ನಾನು ಮ್ಯಾನೇಜರ್ ಕಡೆ ನೋಡಿದೆ. ಅವನು ಎಲ್ಲ ಕೇಳಿಸಿಕೊಂಡಿದ್ದ. ಆ ಫೋನ್ ಕಾಲ್‌ಗೆ ಅವನು ಆಗಲೇ ಫುಲ್ ಮಾರ್ಕ್ಸ್ ಹಾಕಿಯಾಗಿತ್ತು. ಉಚ್ಚಾರಣೆ, ವಿನಯ, ಹೋಲ್ಡ್ ಹಾಕುವ ಮುಂಚೆ ಕೇಳಿದ್ದು ಎಲ್ಲವೂ ಸರಿ.

“ಸಾರ್, ಈಗ ನಾನು ಆ ಮಾತನ್ನ ಸರಿಯಾಗಿ ಹೇಳಿದ್ನೋ, ತಪ್ಪಾಗಿ ಹೇಳಿದ್ನೋ?” ಎಂದು ಕೇಳಿದೆ. ಅಣಕಕ್ಕಲ್ಲ, ನಿಜಕ್ಕೂ ತಿಳಿಯದೆ ಕೇಳಿದೆ. ಕನ್ನಡದಲ್ಲೇ ‘ಇವತ್ತು ಜಾಗ ಇಲ್ಲ ಯಜಮಾನ್ರೇ, ಸ್ವಲ್ಪ ಲೈನಲ್ಲಿರಿ’ ಎಂದಿದ್ದರೆ ಅವರು ಲೈನಿನಲ್ಲೇ ಇರುತ್ತಿದ್ದರು. ಟೆಕ್ನಿಷಿಯನ್ ಹೇಳಿದ್ದನ್ನು ನಾನು ಹೇಳುತ್ತಿದ್ದೆ, ಅವರು ಆಗ ಹೊರಡುತ್ತಿದ್ದರು. ಅಥವಾ ಜಾಗ ಇಲ್ಲ ಎಂಬಲ್ಲಿಗೇ ‘ಆಯ್ತಮ್ಮಾ’ ಎಂದು ಇಟ್ಟುಬಿಡುತ್ತಿದ್ದರೋ? ಮ್ಯಾನೇಜರ್ ಮಾರ್ಕ್ಸಿನ ಹಾಳೆ ಮಗುಚಿಟ್ಟ. “ನನಗೂ ಗೊತ್ತಾಗ್ತಿಲ್ಲ ಮೇಡಂ” ಎಂದ.

ರಾತ್ರಿ ಆಯಮ್ಮ ತಾವೇ ನಡೆದುಕೊಂಡು ಆಟೋ ಹತ್ತಿದರು. ಯಜಮಾನರು ಒಂದು ಕಾಲು ಆಟೋದೊಳಗೆ ಇಟ್ಟವರು, ತಿರುಗಿ ನನ್ನ ಹತ್ತಿರ ಬಂದರು.

“ಒಂದ್ ಮಾತು ಕೇಳ್ಲಾಮ್ಮಾ? ಫೋನಲ್ಲಿ ಹಂಗಂದಾಗ, ನಿಜವಾಗ್ಲೂ ಭಯ ಆಗಿತ್ತಾ ನಿಮ್ಗೆ?”

ಹೂಂ ಎಂದುಬಿಡಬಹುದಿತ್ತು. ಆ ಮನುಷ್ಯನ ಮುಖ ನೋಡಿ ಆಗಲಿಲ್ಲ.

“ಇಲ್ಲ ಯಜಮಾನ್ರೇ. ಆಗ ಇರ್ಲಿಲ್ಲ” ಎಂದೆ. “ಈಗ ಆಗ್ತಿದೆ ನೋಡಿ.”

 ಯಜಮಾನರು “ನಂಗೂನೂ” ಎಂದು ಹೇಳಿ ಹೋಗಿ ಹೆಂಡತಿಯ ಪಕ್ಕ ಕೂತರು.